ತೋಟದ ಮಳೆ ಲೆಕ್ಕವನ್ನು ಪೈಪಿಐಗೆ ಹಾಕುವುದು ಹೇಗೆ?

ಚಿಕ್ಕಮಗಳೂರಿನ ಕಾಫಿ ತೋಟದವರು ಮಳೆ ಬರೆದಿಡುವುದು ಇಂಚು, ಸೆಂಟಿನಲ್ಲಿ. ನೂರು ಸೆಂಟ್ ಸೇರಿದರೆ ಒಂದು ಇಂಚು. ಹವಾಮಾನ ಇಲಾಖೆಯ ಅಂಕಿ ಸಿಗುವುದು ಮಿಲಿಮೀಟರಿನಲ್ಲಿ. ಎರಡನ್ನೂ ಹೋಲಿಸಿ ನೋಡಲು ಆಲ್ದೂರಿನಲ್ಲೊಬ್ಬರು, ಮೂಡಿಗೆರೆಯಲ್ಲೊಬ್ಬರು, ಕೊಪ್ಪದಲ್ಲೊಬ್ಬರು ಅದೇ ನಾಲ್ಕು ಸಾಲಿನ ಕೋಡ್ ಬರೆಯುತ್ತಾ ಕೂರಬೇಕೇ? ಒಬ್ಬರು ಸರಿಯಾಗಿ ಬರೆದು ಪೈಪಿಐಗೆ ಹಾಕಿದರೆ ಸಾಕು. ಉಳಿದವರು ಪಿಪ್ ಇನ್‌ಸ್ಟಾಲ್ (pip install) ಎಂಬ ಕಮಾಂಡ್ ಕೊಟ್ಟು ಇಳಿಸಿಕೊಳ್ಳುತ್ತಾರೆ.

ಪೈಪಿಐ (PyPI) ಎಂದರೆ ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆಯ ಪ್ಯಾಕೇಜುಗಳ, ಅಂದರೆ ಬೇರೆಯವರೂ ಬಳಸಬಹುದಾದ ಕೋಡಿನ ಕಟ್ಟುಗಳ, ಸಾರ್ವಜನಿಕ ಭಂಡಾರ. 2003ರಿಂದ ಇದೆ. ಅಲ್ಲಿ ಪ್ಯಾಕೇಜ್ ಹಾಕಲು ದುಡ್ಡು ಕೊಡಬೇಕಿಲ್ಲ, ದೊಡ್ಡ ಕಂಪನಿಯ ಕೆಲಸದಲ್ಲೂ ಇರಬೇಕಿಲ್ಲ. ಹಾಸನ, ಚಿಕ್ಕಮಗಳೂರಿನಲ್ಲಿ ಓದುವ ಹುಡುಗ ಹುಡುಗಿಯರು ತಮ್ಮ ಊರಿನ ಲೆಕ್ಕಗಳನ್ನೇ ಅಲ್ಲಿಗೆ ಹಾಕಬೇಕು ಅನ್ನುವುದು ನನ್ನ ಆಸೆ. ಇದನ್ನು ಹೊರಗಿನವರು ಬಂದು ಬರೆದುಕೊಡುವುದಿಲ್ಲ, ಅಲ್ವಾ?

ಮೊದಲು ಲೆಕ್ಕ ಗಟ್ಟಿಯಾಗಲಿ

ಒಂದು ಇಂಚು 25.4 ಮಿಲಿಮೀಟರ್. ಹಾಗಾಗಿ ಒಂದು ಸೆಂಟ್ 0.254 ಮಿಲಿಮೀಟರ್. ಇಷ್ಟೇ ಆಗಿದ್ದರೆ ಪ್ಯಾಕೇಜೇ ಬೇಕಿರಲಿಲ್ಲ. ತೊಡಕು ಇರುವುದು ಮಳೆ ಪುಸ್ತಕದಲ್ಲಿ. ಅಲ್ಲಿ 1.5 ಎಂದು ಬರೆದಿದ್ದರೆ ಅದು ಒಂದು ಇಂಚು ಐದು ಸೆಂಟೋ, ಒಂದೂವರೆ ಇಂಚೋ? ಮೊದಲನೆಯದು 26.67 ಮಿಲಿಮೀಟರ್, ಎರಡನೆಯದು 38.1. ಕಾಫಿ ಹೂ ಅರಳಿಸುವ ಹೂಮಳೆಯ ಹೊತ್ತಿನಲ್ಲಿ ಈ ವ್ಯತ್ಯಾಸ ಸಣ್ಣದಲ್ಲ. ಆದ್ದರಿಂದ ನಿಮ್ಮ ಫಂಕ್ಷನ್ ಇಂಚನ್ನೂ ಸೆಂಟನ್ನೂ ಬೇರೆ ಬೇರೆ ಕೇಳಲಿ. ಸೆಂಟ್ ನೂರು ದಾಟಿದರೆ, ಮೈನಸ್ ಬಂದರೆ, ಸುಮ್ನೆ ಒಪ್ಪಿಕೊಳ್ಳದೆ ಎರರ್ ಕೊಡಲಿ. ಬೇರೆಯವರು ನಂಬಿ ಬಳಸುವ ಕೋಡಿಗೆ ಇಷ್ಟು ಎಚ್ಚರ ಬೇಕೇ ಬೇಕು.

ಹೆಸರು ಮತ್ತು ಫೋಲ್ಡರ್

ಹೆಸರು ಇಂಗ್ಲಿಷ್ ಅಕ್ಷರಗಳಲ್ಲೇ ಇರಬೇಕು. ಅಂಕಿ, ಚುಕ್ಕಿ, ಹೈಫನ್, ಅಂಡರ್‌ಸ್ಕೋರ್ ಸೇರಿಸಬಹುದು. ನಾವು ‘hani-lekka’ (ಹನಿ-ಲೆಕ್ಕ) ಎಂದಿಟ್ಟುಕೊಳ್ಳೋಣ. ಹೈಫನ್ ಬದಲು ಅಂಡರ್‌ಸ್ಕೋರ್ ಹಾಕಿದರೂ ಪೈಪಿಐಗೆ ಅದು ಒಂದೇ ಹೆಸರು. ದೊಡ್ಡಕ್ಷರ, ಚಿಕ್ಕಕ್ಷರವೂ ಅಷ್ಟೇ. ಅದು ಬೇರೆಯವರ ಹೆಸರಲ್ಲಿ ಇದೆಯಾ ಎಂದು ಮೊದಲೇ ಹುಡುಕಿ ನೋಡಿ. ಇಂಪೋರ್ಟ್ ಮಾಡುವಾಗ ಹೈಫನ್ ನಡೆಯುವುದಿಲ್ಲ. ಆದ್ದರಿಂದ ಕೋಡ್ ಇರುವ ಫೋಲ್ಡರಿಗೆ ಅಂಡರ್‌ಸ್ಕೋರ್ ಇರುವ ಹೆಸರು ಕೊಡಿ.

ಪ್ರಾಜೆಕ್ಟಿನ ಒಳಗೆ ಎಸ್‌ಆರ್‌ಸಿ (src) ಎಂಬ ಫೋಲ್ಡರ್, ಅದರೊಳಗೆ ಈ ಕೋಡ್ ಫೋಲ್ಡರ್. ಹೊರಗೆ ಮೂರು ಫೈಲ್: ಪೈಪ್ರಾಜೆಕ್ಟ್ ಡಾಟ್ ಟಾಮ್ಲ್ (pyproject.toml), ರೀಡ್‌ಮಿ, ಲೈಸೆನ್ಸ್. ಟಾಮ್ಲ್ ಫೈಲಿನಲ್ಲಿ ಹೆಸರು, ವರ್ಷನ್, ಒಂದು ಸಾಲಿನ ವಿವರಣೆ, ಯಾವ ಪೈಥಾನ್ ಬೇಕು ಎಂಬುದನ್ನು ಬರೆಯಿರಿ. ಕೋಡನ್ನು ಪ್ಯಾಕೇಜಾಗಿ ಕಟ್ಟಿಕೊಡುವ, ಅಂದರೆ ಬಿಲ್ಡ್ ಮಾಡಿಕೊಡುವ ಸಾಧನವಾಗಿ ಹ್ಯಾಚ್ಲಿಂಗ್ (hatchling) ಅನ್ನು ಹೆಸರಿಸಿ. ಮೊದಲ ವರ್ಷನ್ 0.1.0 ಇರಲಿ. ಲೈಸೆನ್ಸ್ ಬಿಡಬೇಡಿ. ಅದಿಲ್ಲದಿದ್ದರೆ ನಿಮ್ಮ ಕೋಡನ್ನು ಬಳಸುವ ಹಕ್ಕು ಕಾನೂನಿನ ಪ್ರಕಾರ ಯಾರಿಗೂ ಸಿಗುವುದಿಲ್ಲ. ಎಂಐಟಿ ಲೈಸೆನ್ಸ್ ಚಿಕ್ಕದು, ಇಂಥ ಕೆಲಸಕ್ಕೆ ಸಾಕು.

ರೀಡ್‌ಮಿಯನ್ನು ಕನ್ನಡದಲ್ಲೂ ಬರೆಯಿರಿ. ಪೈಪಿಐ ಪುಟದಲ್ಲಿ ಕನ್ನಡ ಚೆನ್ನಾಗಿಯೇ ಕಾಣುತ್ತದೆ. ಒಂದು ಉದಾಹರಣೆ ಕೊಡಿ: ಒಂದು ಇಂಚು ಇಪ್ಪತ್ತು ಸೆಂಟ್ ಕೊಟ್ಟರೆ 30.48 ಬರಬೇಕು.

ಬಿಲ್ಡ್ ಆದ ಮೇಲೆ ಬಿಚ್ಚಿ ನೋಡಿ

ಪಿಪ್‌ನಿಂದ ಬಿಲ್ಡ್, ಟ್ವೈನ್ (twine) ಎಂಬ ಎರಡು ಸಾಧನ ಇಳಿಸಿಕೊಳ್ಳಿ. ಮೊದಲನೆಯದು ಪ್ಯಾಕೇಜ್ ಕಟ್ಟಲು, ಎರಡನೆಯದು ಅದನ್ನು ಪರೀಕ್ಷಿಸಿ ಕಳಿಸಲು. ಪ್ರಾಜೆಕ್ಟ್ ಫೋಲ್ಡರಿನಲ್ಲಿ ನಿಂತು ‘ಪೈಥಾನ್ -ಎಂ ಬಿಲ್ಡ್’ (python -m build) ಎಂಬ ಕಮಾಂಡ್ ಕೊಟ್ಟರೆ ಡಿಸ್ಟ್ ಎಂಬ ಹೊಸ ಫೋಲ್ಡರಿನಲ್ಲಿ ಎರಡು ಫೈಲ್ ಹುಟ್ಟುತ್ತವೆ. ಒಂದು ಮೂಲ ಕೋಡಿನ ಕಟ್ಟು, ಇನ್ನೊಂದು ವೀಲ್, ಅಂದರೆ ನೇರವಾಗಿ ಇನ್‌ಸ್ಟಾಲ್ ಆಗಲು ಸಿದ್ಧವಾದ ಕಟ್ಟು.

ಇಲ್ಲಿ ಅವಸರ ಮಾಡಬೇಡಿ. ಎರಡನ್ನೂ ಬಿಚ್ಚಿ ಒಳಗೆ ಏನೇನಿದೆ ನೋಡಿ. ಹೊರಗಿಡಬೇಕಾದ ಫೈಲುಗಳನ್ನು ಹೆಸರಿಸುವ ಗಿಟ್ ಇಗ್ನೋರ್ (.gitignore) ಪಟ್ಟಿಯಲ್ಲಿ ಇಲ್ಲದ ಫೈಲುಗಳನ್ನು ಹ್ಯಾಚ್ಲಿಂಗ್ ಮೂಲ ಕೋಡಿನ ಕಟ್ಟಿಗೆ ತುಂಬಿಬಿಡುತ್ತದೆ. ಪರೀಕ್ಷೆಗೆಂದು ಇಟ್ಟಿದ್ದ ತೋಟದ ಎಕ್ಸೆಲ್ ಹಾಳೆ, ಕೂಲಿಯವರ ಹೆಸರು, ಸಂಬಳದ ಲೆಕ್ಕ, ಪಾಸ್‌ವರ್ಡ್ ಇರುವ ಫೈಲ್ ಎಲ್ಲವೂ ಹಾಗೇ ಹೊರಗೆ ಹೋಗಬಹುದು. ಒಮ್ಮೆ ಹೋದ ಮೇಲೆ ಯಾರು ಇಳಿಸಿಕೊಂಡರೋ ಹೇಳಲಾಗದು. ಈ ಇಡೀ ಕೆಲಸದಲ್ಲಿ ಅತಿ ಮುಖ್ಯ ಹೆಜ್ಜೆ ಇದೇ ಎಂದು ನಾನು ನಂಬಿದ್ದೇನೆ. ಆಮೇಲೆ ‘ಟ್ವೈನ್ ಚೆಕ್’ ಕೊಟ್ಟರೆ ರೀಡ್‌ಮಿ ಸರಿಯಾಗಿ ಕಾಣುತ್ತದೋ ಇಲ್ಲವೋ ಅದು ಹೇಳುತ್ತದೆ.

ಖಾತೆ ಮತ್ತು ಟೋಕನ್

ಪೈಪಿಐಗೆ ಒಂದು ಖಾತೆ, ತಾಲೀಮಿಗೆಂದೇ ಇರುವ ಟೆಸ್ಟ್ ಪೈಪಿಐಗೆ ಇನ್ನೊಂದು ಖಾತೆ ತೆರೆಯಬೇಕು. ಪಾಸ್‌ವರ್ಡಿನ ಜೊತೆಗೆ ಎರಡನೇ ಹಂತದ ಗುರುತು ಕಡ್ಡಾಯ. ಅದು ಎಸ್ಸೆಮ್ಮೆಸ್ಸಿನಲ್ಲಿ ಬರುವುದಿಲ್ಲ. ಮೊಬೈಲಿನ ಆ್ಯಪ್ ಒಂದು ಕೋಡ್ ತೋರಿಸುತ್ತದೆ. ಆ ಆ್ಯಪಿಗೆ ಸಿಗ್ನಲ್ ಬೇಡ. ಮಳೆಗಾಲದಲ್ಲಿ ಟವರ್ ಕೈಕೊಡುವ ನಮ್ಮ ಕಡೆಯವರಿಗೆ ಇದು ಒಳ್ಳೆಯದೇ. ರಿಕವರಿ ಕೋಡುಗಳನ್ನು ಮಾತ್ರ ಕಾಗದದಲ್ಲಿ ಬರೆದು ಭದ್ರವಾಗಿಡಿ.

ಅಪ್‌ಲೋಡ್ ಮಾಡಲು ಪಾಸ್‌ವರ್ಡ್ ನಡೆಯುವುದಿಲ್ಲ, ಟೋಕನ್ ಬೇಕು, ಅಂದರೆ ಪಾಸ್‌ವರ್ಡಿನ ಬದಲು ಸೈಟೇ ಮಾಡಿಕೊಡುವ ಉದ್ದನೆಯ ಗುಪ್ತ ಪದ. ಎರಡು ಖಾತೆಗೂ ಬೇರೆ ಬೇರೆ ಟೋಕನ್. ಅದನ್ನು ಒಮ್ಮೆ ಮಾತ್ರ ತೋರಿಸುತ್ತಾರೆ, ಆಗಲೇ ಕಾಪಿ ಮಾಡಿಕೊಳ್ಳಿ. ಕೋಡಿನ ಒಳಗೆ ಎಂದೂ ಬರೆಯಬೇಡಿ.

ಮೊದಲು ಟೆಸ್ಟ್ ಪೈಪಿಐಗೆ ‘ಟ್ವೈನ್ ಅಪ್‌ಲೋಡ್’ ಮಾಡಿ. ಹೊಸ ವರ್ಚುವಲ್ ಎನ್ವಿರಾನ್ಮೆಂಟ್ (ಬೇರೆ ಪ್ಯಾಕೇಜುಗಳು ಸೇರದ ಪ್ರತ್ಯೇಕ ಪೈಥಾನ್ ಜಾಗ) ತೆರೆದು ಅಲ್ಲಿಂದ ಇಳಿಸಿ, 30.48 ಬರುತ್ತದಾ ನೋಡಿ. ಸಾಧ್ಯವಾದರೆ ಗೆಳೆಯರ ಲ್ಯಾಪ್‌ಟಾಪಿನಲ್ಲೂ ಮಾಡಿಸಿ. ಎಲ್ಲ ಸರಿಯಿದ್ದರೆ ಅದೇ ಕಮಾಂಡನ್ನು ಅಸಲಿ ಪೈಪಿಐಗೆ ಕೊಡಿ. ಮೊದಲ ಸಲದ ಟೋಕನ್ ಇಡೀ ಖಾತೆಗೆ ಸೇರಿದ್ದು. ಪ್ಯಾಕೇಜ್ ಹೋದ ತಕ್ಷಣ ಅದನ್ನು ಅಳಿಸಿ, ಈ ಪ್ರಾಜೆಕ್ಟಿಗೆ ಮಾತ್ರ ಸೀಮಿತವಾದ ಹೊಸದೊಂದನ್ನು ಮಾಡಿಕೊಳ್ಳಿ.

ತಪ್ಪು ಕಂಡರೆ?

0.1.0ರಲ್ಲಿ ತಪ್ಪಿದೆ ಎಂದು ಅದನ್ನು ಅಳಿಸಿ ಅದೇ ಹೆಸರಿನ ಫೈಲನ್ನು ಮತ್ತೆ ಹಾಕಲು ಬರುವುದಿಲ್ಲ. ತಿದ್ದಿ 0.1.1 ಎಂದು ಹಾಕಬೇಕು. ಹಳೆಯದನ್ನು ಅಳಿಸುವ ಬದಲು ‘ಯ್ಯಾಂಕ್’ ಮಾಡಿ. ಆಗ ಹೊಸದಾಗಿ ಇಳಿಸುವವರಿಗೆ ಪಿಪ್ ಅದನ್ನು ಕೊಡುವುದಿಲ್ಲ. 0.1.0 ಬೇಕೆಂದೇ ಬರೆದುಕೊಂಡವರ ಪ್ರೋಗ್ರಾಂ ಮಾತ್ರ ಮುರಿಯದೆ ನಡೆಯುತ್ತದೆ. ಯಾಕೆ ಯ್ಯಾಂಕ್ ಮಾಡಿದಿರಿ ಎಂದು ಬರೆಯಲು ಅಲ್ಲೇ ಜಾಗವಿದೆ. ಯಾವ ಲೆಕ್ಕ ತಪ್ಪಾಗಿತ್ತು ಎಂದು ಬಿಡಿಸಿ ಬರೆಯಿರಿ, ಅದನ್ನು ಬಳಸಿ ವರ್ಷದ ಮಳೆ ಕೂಡಿದವರು ತಮ್ಮ ಅಂಕಿಯನ್ನು ತಿದ್ದಿಕೊಳ್ಳಬೇಕಲ್ಲ.