ಜಿಪ್ಸಿಯ ನಡುಕ ಹೋಯಿತು, ಲೋ ಗೇರ್ ನಿಂತಿತು: ನನ್ನ ಅನುಭವ

ಹಳೇ ಮಾರುತಿ ಜಿಪ್ಸಿ ಐವತ್ತೈದು, ಅರವತ್ತು ಕಿಲೋಮೀಟರ್ ವೇಗದ ಹತ್ತಿರ ಗುಂಯ್ ಅಂತ ನಡುಗಿದರೆ ಗ್ಯಾರೇಜುಗಳಲ್ಲಿ ಸಿಗುವ ಉತ್ತರ ಮೂರೇ. ವೀಲ್ ಬ್ಯಾಲೆನ್ಸ್ ಮಾಡಿಸಿ, ಕ್ರೌನ್ ಪಿನಿಯನ್ (ಆಕ್ಸಲಿನ ಒಳಗೆ ಚಕ್ರ ತಿರುಗಿಸುವ ಗೇರ್ ಜೋಡಿ) ಬದಲಿಸಿ, ಇಲ್ಲವಾದರೆ "ಎತ್ತಿಸಿದ ಗಾಡಿ ಅಲ್ವಾ ಗೌಡ್ರೇ, ಅದು ಹಂಗೇ". ನನಗೆ ಮೂರನ್ನೂ ಹೇಳಿದರು. ಕ್ರೌನ್ ಪಿನಿಯನ್‌ಗೆ ಹದಿನಾಲ್ಕು ಸಾವಿರದ ಲೆಕ್ಕವನ್ನೂ ಬರೆದುಕೊಟ್ಟರು. ಅದು ಕೂತಿರುವ ಆಕ್ಸಲ್ ಹೌಸಿಂಗನ್ನು ನಾನು ಇವತ್ತಿನವರೆಗೂ ಬಿಚ್ಚಿಲ್ಲ. ಗಾಡಿ ಈಗ ಎಂಬತ್ತರಲ್ಲೂ ನಡುಗುವುದಿಲ್ಲ.

ಗಾಡಿ 1.3 ಲೀಟರಿನ ಜಿಪ್ಸಿ ಕಿಂಗ್. ಉದ್ದದ ಶ್ಯಾಕಲ್ (ಸ್ಪ್ರಿಂಗ್ ಪಟ್ಟಾವನ್ನು ಚಾಸಿಗೆ ಸೇರಿಸುವ ಕೊಂಡಿ) ಹಾಕಿ ಎರಡು ಇಂಚಿನಷ್ಟು ಎತ್ತಿಸಿದ್ದೆ, 235/75 ಆರ್15 ಮಡ್ ಟೈರ್ ಇತ್ತು. ನಡುಕದ ಜೊತೆ ಇನ್ನೊಂದು ಕಾಯಿಲೆ: ಮಳೆಗಾಲದಲ್ಲಿ ತೋಟದ ಇಳಿಜಾರಿನಲ್ಲಿ ಎಂಜಿನ್ ಬ್ರೇಕ್ ಮೇಲೆ ಇಳಿಸುವಾಗ ನಾಲ್ಕು ಚಕ್ರದ ಲೋ ಗೇರ್ (ವೇಗ ಇಳಿಸಿ ಎಳೆತ ಹೆಚ್ಚಿಸುವ ಗೇರ್) ತಾನಾಗಿ ಕಳಚಿಕೊಳ್ಳುತ್ತಿತ್ತು. ಕೆಂಪು ಮಣ್ಣಿನ ಜಾರಿನಲ್ಲಿ, ಹಿಂದೆ ಗೊಬ್ಬರದ ಮೂಟೆ ಹೇರಿಕೊಂಡಿರುವಾಗ ಗೇರ್ ಕಳಚಿದರೆ ಏನಾಗುತ್ತದೆ ಅಂತ ಸಕಲೇಶಪುರದ ಕಡೆಯವರಿಗೆ ಹೇಳಬೇಕಾಗಿಲ್ಲ.

ಎರಡೂ ಕಾಯಿಲೆಗೆ ಮೂಲ ಒಂದೇ ಅಂತ ನಾನು ಹೇಳಿದಾಗ ಯಾರೂ ಒಪ್ಪಲಿಲ್ಲ. ಜಿಪ್ಸಿಯಲ್ಲಿ ಟ್ರಾನ್ಸ್‌ಫರ್ ಕೇಸ್, ಅಂದರೆ ಎಂಜಿನ್ ಎಳೆತವನ್ನು ಮುಂದಿನ, ಹಿಂದಿನ ಚಕ್ರಗಳಿಗೆ ಹಂಚುವ, ಹೈ ಮತ್ತು ಲೋ ಗೇರ್ ಇರುವ ಪೆಟ್ಟಿಗೆ, ಗೇರ್ ಬಾಕ್ಸಿಗೆ ಅಂಟಿಕೊಂಡಿಲ್ಲ, ಮೂರು ರಬ್ಬರ್ ಮೌಂಟ್ ಮೇಲೆ ಒಂಟಿಯಾಗಿ ತೂಗುತ್ತದೆ. ಗೇರ್ ಬಾಕ್ಸಿನಿಂದ ಒಂದು ಗಿಡ್ಡ ಶಾಫ್ಟ್ ಬಂದು ಸೇರುತ್ತದೆ, ಅಲ್ಲಿಂದ ಮುಂದಕ್ಕೊಂದು, ಹಿಂದಕ್ಕೊಂದು ಹೋಗುತ್ತದೆ. ರಬ್ಬರ್ ಕುಸಿದರೆ ಮೂರೂ ಶಾಫ್ಟಿನ ಕೋನ ಒಟ್ಟಿಗೇ ಕೆಡುತ್ತದೆ. "ಅಷ್ಟು ಸಣ್ಣ ರಬ್ಬರಿಗೆ ಇಷ್ಟು ದೊಡ್ಡ ಗಾಡಿ ನಡುಗುತ್ತಾ?" ಅಂತ ಮೂವತ್ತು ವರ್ಷ ಜೀಪ್ ಬಿಚ್ಚಿದ ಮೇಸ್ತ್ರಿಯೇ ಕೇಳಿದರು.

ಅವರ ಎದುರಿಗೇ ತೋರಿಸಿದೆ. ಗಾಡಿ ನಿಲ್ಲಿಸಿ, ಚಕ್ರಕ್ಕೆ ಕಲ್ಲು ಕೊಟ್ಟು, ಹ್ಯಾಂಡ್ ಬ್ರೇಕ್ ಎಳೆದು, ಟ್ರಾನ್ಸ್‌ಫರ್ ಲಿವರನ್ನು ನ್ಯೂಟ್ರಲ್‌ಗೆ ಹಾಕಿ, ಮೇನ್ ಗೇರನ್ನು ನಾಲ್ಕನೆಯದಕ್ಕೆ ಹಾಕಿ ಕ್ಲಚ್ ಬಿಟ್ಟೆ. ಗಾಡಿ ಕದಲುವುದಿಲ್ಲ, ಗಿಡ್ಡ ಶಾಫ್ಟ್ ಮಾತ್ರ ತಿರುಗುತ್ತದೆ. ನಿಧಾನಕ್ಕೆ ಆಕ್ಸಿಲರೇಟರ್ ಕೊಡುತ್ತಾ ಹೋದರೆ ಎರಡೂವರೆ ಸಾವಿರ ಆರ್‌ಪಿಎಂ ದಾಟಿದ ಕೂಡಲೇ ಅದೇ ನಡುಕ, ಅದೇ ಗುಂಯ್. ಟ್ರಾನ್ಸ್‌ಫರ್ ಲಿವರಿನ ಗುಂಡು ಕಣ್ಣಿಗೆ ಮಸುಕಾಗುವಷ್ಟು ಅದುರುತ್ತಿತ್ತು. ಟೈರ್ ತಿರುಗುತ್ತಿಲ್ಲ, ಕ್ರೌನ್ ತಿರುಗುತ್ತಿಲ್ಲ, ಇನ್ನೆಲ್ಲಿಂದ ಬಂತು ನಡುಕ? ಮೇಸ್ತ್ರಿ ಮಾತಾಡಲಿಲ್ಲ, ಕೆಳಗೆ ಹೋಗಿ ಮಲಗಿ ನೋಡಿದರು. ಹೈ ಗೇರಿನಲ್ಲೂ ಈ ಕೇಸು ವೇಗವನ್ನು ಇಳಿಸಿಯೇ ಕಳಿಸುವುದರಿಂದ ಗಿಡ್ಡ ಶಾಫ್ಟ್ ಹಿಂದಿನ ಶಾಫ್ಟಿಗಿಂತ ಹೆಚ್ಚುಕಮ್ಮಿ 1.4 ಪಟ್ಟು ಜೋರಾಗಿ ತಿರುಗುತ್ತದೆ. ಅದರ ಕೋನ ಸ್ವಲ್ಪ ತಪ್ಪಿದರೂ ಮೊದಲು ಕೂಗುವುದು ಅದೇ.

ರಬ್ಬರಿನ ಕಥೆ ಉದ್ದ. ಮೊದಲು ಹಾಕಿದ್ದು ಲೋಕಲ್ ಮಾಲು, ಮೂರಕ್ಕೂ ಸೇರಿ ಸಾವಿರದ ಒಳಗೇ ಬಂತು. ಒಂದು ಮಳೆಗಾಲ ಮುಗಿಯುವುದರೊಳಗೆ ರಬ್ಬರ್ ತಗಡಿನಿಂದ ಕಿತ್ತು ಬಂತು. ಆಮೇಲೆ ಹಾಸನದಲ್ಲಿ ಲೇತ್‌ನಲ್ಲಿ ನೈಲಾನ್ ಬುಷ್ ತಿರುಗಿಸಿ ಹಾಕಿದೆ. ಕೇಸು ಬಂಡೆಯ ಹಾಗೆ ಕೂತಿತು, ಗೇರ್ ಕಳಚುವುದು ನಿಂತಿತು, ಆದರೆ ಗೇರುಗಳ ಊಳು ಪೂರ್ತಿ ಕ್ಯಾಬಿನ್ ಒಳಗೇ ಬಂತು. ಮನೆಯವರು ಆ ಗಾಡಿಯಲ್ಲಿ ಹಾಸನಕ್ಕೂ ಬರುವುದಿಲ್ಲ ಅಂದರು. ಸಾವಿರದ ಐನೂರು ಅಲ್ಲಿಗೆ ಹೋಯಿತು. ಹಳೇ ಕನ್ವೇಯರ್ ಬೆಲ್ಟ್ ಕತ್ತರಿಸಿ ಪದರ ಪದರವಾಗಿ ಕೂರಿಸಿಯೂ ನೋಡಿದೆ, ಊಳು ಕಡಿಮೆಯಾಯಿತು, ಆದರೆ ಎಣ್ಣೆ ತಾಗಿ ಉಬ್ಬಿಕೊಂಡಿತು. ಕೊನೆಗೆ ಕಂಪನಿ ಮಾಲನ್ನೇ ತರಿಸಿದೆ, ಮೂರಕ್ಕೂ ಎರಡೂವರೆ ಸಾವಿರದ ಆಸುಪಾಸು. ಆದರೆ ಹಾಗೇ ಹಾಕಲಿಲ್ಲ. ಒಂದು ಮೌಂಟಿನಲ್ಲಿ ನಾನೊಂದು ಸಣ್ಣ ಬದಲಾವಣೆ ಮಾಡಿದ್ದೇನೆ, ಯಾವುದರಲ್ಲಿ, ಏನು ಅನ್ನುವುದು ಸದ್ಯಕ್ಕೆ ನನ್ನ ಹತ್ತಿರವೇ ಇರಲಿ. ಕೇಸು ಯಾವ ಕಡೆ ತಿರುಚಿಕೊಳ್ಳಲು ನೋಡುತ್ತದೆ ಅಂತ ಗಮನಿಸಿದವರಿಗೆ ತಾನಾಗಿ ಹೊಳೆಯುತ್ತದೆ.

ಲೋ ಗೇರ್ ಕಳಚುತ್ತಿದ್ದದ್ದೂ ಇದರಿಂದಲೇ. ಇಳಿಜಾರಿನಲ್ಲಿ ಎಳೆತ ಉಲ್ಟಾ ಆದಾಗ ಕೇಸು ಹೊರಳಿ, ಲಿವರ್ ಫ್ಲೋರಿನ ತೂತಿನ ಅಂಚಿಗೆ ತಾಗಿ ಹೊರಗೆ ತಳ್ಳಿಸಿಕೊಳ್ಳುತ್ತಿತ್ತು. ಬಿಚ್ಚಿದ ಮೇಲೆ ಗೇರ್ ಹಿಡಿಯುವ ಗುಂಡು, ಸ್ಪ್ರಿಂಗನ್ನೂ ಬದಲಿಸಿದೆ, ಅದಕ್ಕೆ ನೂರಿನ್ನೂರು ರೂಪಾಯಿ ಅಷ್ಟೇ.

ಹಿಂದಿನ ಶಾಫ್ಟಿನಲ್ಲಿ ಸ್ವಲ್ಪ ನಡುಕ ಉಳಿದಿತ್ತು. ಅದು ಹಿಂದಿನದ್ದೇ ಅಂತ ಖಚಿತ ಮಾಡಿಕೊಳ್ಳಲು ಹಿಂದಿನ ಶಾಫ್ಟ್ ಪೂರ್ತಿ ಬಿಚ್ಚಿಟ್ಟು, ಮುಂದಿನ ಹಬ್ ಲಾಕ್ ಮಾಡಿ, ಫೋರ್ ಹೈ (ನಾಲ್ಕು ಚಕ್ರದ ಹೈ ಗೇರ್) ಹಾಕಿ ಬರೀ ಮುಂದಿನ ಚಕ್ರದಲ್ಲಿ ಓಡಿಸಿದೆ. ನುಣ್ಣಗೆ ಹೋಯಿತು. ಉದ್ದದ ಶ್ಯಾಕಲ್ ಹಾಕಿದಾಗ ಹಿಂದಿನ ಹೌಸಿಂಗಿನ ಮೂತಿ ಮೇಲಕ್ಕೆದ್ದಿರುತ್ತದೆ, ಶಾಫ್ಟಿನ ಎರಡು ತುದಿಯ ಫ್ಲೇಂಜ್ (ಬೋಲ್ಟ್ ಹಾಕುವ ತಟ್ಟೆ) ಸಮಾನಾಂತರ ಇರುವುದಿಲ್ಲ. ರಸಮಟ್ಟ ಮತ್ತು ಮೊಬೈಲ್ ಇಟ್ಟು ಅಳೆದರೆ ಮೂರು ಡಿಗ್ರಿಯಷ್ಟು ವ್ಯತ್ಯಾಸ. ಪಟ್ಟಾ ಮತ್ತು ಹೌಸಿಂಗ್ ನಡುವೆ ಓರೆ ಶಿಮ್ (ಒಂದು ಬದಿ ತೆಳ್ಳಗಿರುವ ತಗಡು) ಕೊಟ್ಟು ಸರಿಮಾಡಿದೆ. ಶಾಫ್ಟಿನ ತುದಿಯ ಕ್ರಾಸ್ (ಕೂಡು ಕೀಲು) ಬದಲಿಸುವಾಗ ಅದನ್ನು ಹಿಡಿಯುವ ಎರಡೂ ಯೋಕ್ (ಕವೆ) ಒಂದೇ ನೇರಕ್ಕೆ ಬರುವಂತೆ ಸೇರಿಸಿದ್ದಾರಾ ಅಂತ ನೀವೇ ನೋಡಿ. ಒಂದು ಹಲ್ಲು ತಪ್ಪಿದರೂ ಬ್ಯಾಲೆನ್ಸಿಂಗ್‌ಗೆ ಕೊಟ್ಟ ದುಡ್ಡು ದಂಡ.

ಕೇಸು ಹೇಗೂ ಕೆಳಗಿಳಿದಿತ್ತು, ಅದಕ್ಕೇ ಬಹಳ ದಿನದ ಆಸೆಯೊಂದನ್ನೂ ತೀರಿಸಿಕೊಂಡೆ. 1996ರಲ್ಲಿ ಕಿಂಗ್ ಬರುವ ಮೊದಲಿದ್ದ 1 ಲೀಟರಿನ ಜಿಪ್ಸಿ 410ರ ಟ್ರಾನ್ಸ್‌ಫರ್ ಗೇರುಗಳು ಇನ್ನೂ ಗಿಡ್ಡ, ಅಂದರೆ ವೇಗವನ್ನು ಇನ್ನೂ ಇಳಿಸಿ ಎಳೆತ ಹೆಚ್ಚಿಸುವಂಥವು: ಹೈ 1.58 ಪಟ್ಟು, ಲೋ 2.51 ಪಟ್ಟು. ಕಿಂಗಿನದ್ದು 1.41 ಮತ್ತು 2.27. ಸಣ್ಣ ಎಂಜಿನ್ ಅಂತ ಆಗ ಹಾಗೆ ಕೊಟ್ಟಿದ್ದರು. ದೊಡ್ಡ ಟೈರ್ ತಿಂದ ಎಳೆತವನ್ನು ವಾಪಸ್ ತರಲು ಇದಕ್ಕಿಂತ ಅಗ್ಗದ ದಾರಿ ಇಲ್ಲ. ಬೆಂಗಳೂರಿನ ಗುಜರಿಯಲ್ಲಿ ಚೌಕಾಸಿ ಮಾಡಿ ಎಂಟು ಸಾವಿರಕ್ಕೆ ಒಂದು ಕೇಸು ಹಿಡಿದೆ, ಬೇರಿಂಗ್, ಆಯಿಲ್ ಸೀಲಿಗೆ ಇನ್ನು ನಾಲ್ಕೂವರೆ ಆಯಿತು. "ಹಳೇದು, ಹೊಸ ಎಂಜಿನ್ ಎಳೆತಕ್ಕೆ ಹಲ್ಲು ಉದುರುತ್ತೆ" ಅಂದವರೇ ಹೆಚ್ಚು. ಎರಡು ಮಳೆಗಾಲ ಕಳೆದಿದೆ, ಡ್ರೈನ್ ಬೋಲ್ಟಿನಲ್ಲಿ ಒಂದು ಚೂರು ಕಬ್ಬಿಣ ಬಂದಿಲ್ಲ. ಸ್ಪೀಡೋಮೀಟರ್ ಕೇಬಲ್ ಕೇಸಿನಿಂದ ಚಕ್ರದ ಕಡೆಗೆ ಹೊರಡುವ ಶಾಫ್ಟಿನಿಂದ ತಿರುಗುವುದರಿಂದ ಗೇರ್ ಬದಲಿಸಿದ್ದಕ್ಕೆ ಮುಳ್ಳು ಹೆಚ್ಚುಕಮ್ಮಿ ಆಗಲಿಲ್ಲ, ಟೈರಿನದ್ದಷ್ಟೇ ವ್ಯತ್ಯಾಸ.

ನಡುವೆ ಒಮ್ಮೆ ಕೇಸಿಗೆ 140 ನಂಬರಿನ ದಪ್ಪ ಎಣ್ಣೆ ಹಾಕಿ ನೋಡಿದೆ. ಊಳು ಇಳಿಯಿತು, ಆದರೆ ಡಿಸೆಂಬರ್ ಬೆಳಿಗ್ಗೆ ಲಿವರ್ ಎಳೆಯಲು ಎರಡು ಕೈ ಬೇಕಾಯಿತು. ವಾಪಸ್ 80-90 ನಂಬರಿನ ತೆಳು ಎಣ್ಣೆಗೇ ಬಂದೆ, ಕೇಸು ಮುಕ್ಕಾಲು ಲೀಟರಿಗಿಂತ ಸ್ವಲ್ಪ ಹೆಚ್ಚು ಹಿಡಿಯುತ್ತದೆ.

ನೈಲಾನ್, ಬೆಲ್ಟಿನ ಪ್ರಯೋಗಗಳನ್ನೂ ಸೇರಿಸಿ ಒಟ್ಟು ಇಪ್ಪತ್ತು, ಇಪ್ಪತ್ತೆರಡು ಸಾವಿರ ಆಗಿರಬಹುದು. ಹೆದ್ದಾರಿಯಲ್ಲಿ ಮೈಲೇಜ್ ಲೀಟರಿಗೆ ಅರ್ಧ, ಮುಕ್ಕಾಲು ಕಿಲೋಮೀಟರ್ ಇಳಿದಿದೆ. ಬಿಸಿಲೆ ಘಾಟಿಯಲ್ಲಿ ಮೊದಲು ಎರಡನೇ ಗೇರಿಗೆ ಇಳಿಸುತ್ತಿದ್ದ ತಿರುವುಗಳನ್ನು ಈಗ ಮೂರರಲ್ಲೇ ಹತ್ತುತ್ತೇನೆ. ಆ ಮೇಸ್ತ್ರಿಯೂ ಈಗ ನಡುಗುವ ಜಿಪ್ಸಿ ಬಂದರೆ ಮೊದಲು ಟ್ರಾನ್ಸ್‌ಫರ್ ನ್ಯೂಟ್ರಲ್ ಮಾಡಿ ನಾಲ್ಕನೇ ಗೇರ್ ಹಾಕುತ್ತಾರೆ.