ಶಿವನೆ ಮರದ ಮಿಸ್ಟೇರ್

ವಾಯುಪಡೆಯಲ್ಲಿ ಏರ್‌ಫ್ರೇಮ್ ಫಿಟ್ಟರ್, ಅಂದರೆ ವಿಮಾನದ ಒಡಲು, ರೆಕ್ಕೆ ನೋಡಿಕೊಳ್ಳುವ ಮೆಕ್ಯಾನಿಕ್ ಆಗಿದ್ದೆ. ತಾಂಬರಂನಲ್ಲಿ ತರಬೇತಿ ಮುಗಿಸಿದವನು ಸೇವೆಯ ಹೆಚ್ಚಿನ ವರ್ಷಗಳನ್ನು ಮಿಗ್-21ರ ಹೊಟ್ಟೆಯ ಕೆಳಗೇ ಕಳೆದೆ. ಪಿಂಚಣಿ ಹಿಡಿದು ವಿರಾಜಪೇಟೆ ಕಡೆಯ ತೋಟಕ್ಕೆ ಬಂದ ಮೇಲೆ, ಮಳೆ ಹಿಡಿದ ದಿನಗಳಲ್ಲಿ ಸುಮ್ಮನೆ ಕೂರಲಾಗದೆ ಮರದಲ್ಲಿ ವಿಮಾನ ಕೆತ್ತಲು ಶುರು ಮಾಡಿದೆ. ಆಗ ಎರಡು ಕಟ್ಟುಪಾಡು ಹಾಕಿಕೊಂಡೆ. ಸೇವೆಯಿಂದ ನಿವೃತ್ತವಾದ ವಿಮಾನವನ್ನಷ್ಟೇ ಮಾಡುವುದು. ಮಾಡಿದ್ದೆಲ್ಲ ಒಂದೇ ಅಳತೆಯಲ್ಲಿರಬೇಕು, ಅಂದರೆ ನಿಜದ ವಿಮಾನದ 32ರಲ್ಲಿ ಒಂದು ಪಾಲು.

ಎರಡನೆಯ ಕಟ್ಟುಪಾಡಿಗೆ ಕಾರಣವಿದೆ. ಅಂಗಡಿಯಲ್ಲಿ ಸಿಗುವ ಶೋಕೇಸ್ ವಿಮಾನಗಳೆಲ್ಲ ಒಂದೇ ಗಾತ್ರ. ಅವುಗಳನ್ನು ನೋಡಿ ಬೆಳೆದ ಮಕ್ಕಳಿಗೆ ನ್ಯಾಟ್ ಯುದ್ಧವಿಮಾನ ಎಷ್ಟು ಪುಟ್ಟದು ಎಂದು ಗೊತ್ತಾಗುವುದೇ ಇಲ್ಲ. ಅದರ ರೆಕ್ಕೆಯ ಹರವು 6.73 ಮೀಟರ್. ನನ್ನ ಅಳತೆಗೆ ಇಳಿಸಿದರೆ 21 ಸೆಂಟಿಮೀಟರ್. ಬೆಂಗಳೂರಿನ ಎಚ್‌ಎಎಲ್‌ನಲ್ಲಿ ಜರ್ಮನಿಯ ಕುರ್ಟ್ ಟ್ಯಾಂಕ್ ವಿನ್ಯಾಸ ಮಾಡಿದ ಮಾರುತ್ ಯುದ್ಧವಿಮಾನದ ಉದ್ದ 15.87 ಮೀಟರ್, ನನ್ನ ಬೆಂಚಿನ ಮೇಲೆ ಸುಮಾರು 50 ಸೆಂಟಿಮೀಟರ್. ಎರಡನ್ನೂ ಪಕ್ಕಪಕ್ಕ ಇಟ್ಟಾಗ ತಾಯಿ ಮಗುವಿನ ಹಾಗೆ ಕಾಣುತ್ತವೆ. ಇಷ್ಟು ಚಿಕ್ಕದನ್ನು ಹತ್ತಿ 1965ರ ಯುದ್ಧದಲ್ಲಿ ಪಾಕಿಸ್ತಾನದ ಸೇಬರ್ ವಿಮಾನಗಳ ಮೇಲೆ ಹೋದವರ ಎದೆಗಾರಿಕೆ ಆಗ ಕಣ್ಣಿಗೇ ಕಾಣುತ್ತದೆ.

ಮೊದಲು ಕೈಗೆತ್ತಿಕೊಂಡಿದ್ದು ಮಿಸ್ಟೇರ್. ಕೊಡಗಿನವನಾಗಿ ಬೇರೆ ಯಾವುದರಿಂದಲೂ ಶುರು ಮಾಡಲು ನನಗೆ ಮನಸ್ಸಿರಲಿಲ್ಲ. ಮಡಿಕೇರಿಯಲ್ಲಿ, ಅದೇ 1965ರ ಯುದ್ಧದಲ್ಲಿ ಹುತಾತ್ಮರಾದ ಸ್ಕ್ವಾಡ್ರನ್ ಲೀಡರ್ ಅಜ್ಜಮಾಡ ದೇವಯ್ಯನವರ ಹೆಸರಿನ ವೃತ್ತವಿದೆ, ಪ್ರತಿಮೆಯಿದೆ. ಆದರೆ ಅವರು ಹಾರಿಸುತ್ತಿದ್ದ ವಿಮಾನ ಹೇಗಿತ್ತು ಎಂದು ಕೇಳಿದರೆ ನಮ್ಮ ಹುಡುಗರು ಮಿಗ್ ಅನ್ನುತ್ತಾರೆ, ಇಲ್ಲವೇ ಸುಮ್ಮನಾಗುತ್ತಾರೆ. ಅದು ಫ್ರಾನ್ಸಿನ ಡಸ್ಸೋ ಕಂಪನಿಯ ಮಿಸ್ಟೇರ್ 4ಎ. 1957ರಲ್ಲಿ ನಮ್ಮ ವಾಯುಪಡೆಗೆ ಬಂದು 1973ಕ್ಕೆ ಸೇವೆ ಮುಗಿಸಿತು. ಈಗ ನೋಡಬೇಕೆಂದರೆ ದೆಹಲಿಯ ಪಾಲಂನ ವಾಯುಪಡೆ ಸಂಗ್ರಹಾಲಯದಲ್ಲಿ ಒಂದಿದೆ.

ಮೂರು ನೋಟದ ನಕ್ಷೆ ಸಿಕ್ಕಿತು: ಮೇಲಿನಿಂದ, ಪಕ್ಕದಿಂದ, ಎದುರಿನಿಂದ. ಪೇಟೆಯಲ್ಲಿ ಜೆರಾಕ್ಸ್ ಹಾಕಿಸಿ ದೊಡ್ಡದು ಮಾಡಿಸಿದೆ. ಉದ್ದ ಅಳೆದರೆ 40.2 ಸೆಂಟಿಮೀಟರ್, ಸರಿಯಾಗಿತ್ತು. ಅಷ್ಟಕ್ಕೇ ನಂಬಿ ಕೆಲಸ ಶುರು ಮಾಡಿದ್ದು ತಪ್ಪಾಯಿತು. ಯಂತ್ರ ಒಂದು ದಿಕ್ಕಿಗೆ ಎಳೆದಿತ್ತು. 34.8 ಬರಬೇಕಿದ್ದ ರೆಕ್ಕೆಯ ಹರವು ಅರ್ಧ ಸೆಂಟಿಮೀಟರ್ ಕಡಿಮೆ ಬಂದಿತ್ತು. ಈಗ ನಕ್ಷೆಯನ್ನು ಉದ್ದ ಅಗಲ ಎರಡೂ ಕಡೆ ಅಳೆಯದೆ ಕತ್ತರಿ ಮುಟ್ಟುವುದಿಲ್ಲ. ಮಾದರಿ ತುಂಡುಗಳನ್ನು ಹಳೆಯ ಮದುವೆ ಕಾಗದಗಳಲ್ಲಿ ಕತ್ತರಿಸುತ್ತೇನೆ. ದಪ್ಪಗಿರುತ್ತವೆ, ಅಂಚು ಮಡಿಸಿಕೊಳ್ಳುವುದಿಲ್ಲ, ಪ್ರತಿ ಮನೆಯಲ್ಲೂ ಕಟ್ಟುಗಟ್ಟಲೆ ಇರುತ್ತವೆ.

ಮರ ತೋಟದಲ್ಲೇ ಇತ್ತು, ಸಿಲ್ವರ್ ಓಕ್. ನೆರಳಿಗೆ ಬೆಳೆಸಿದ್ದರಲ್ಲಿ ಒಂದು ಗಾಳಿಗೆ ಬಿದ್ದಿತ್ತು. ಎರಡೂ ರೆಕ್ಕೆ ಸೇರಿಸಿ ಒಂದೇ ಹಲಗೆಯಲ್ಲಿ ಕೊಯ್ದೆ, ನಾಲ್ಕು ದಿನ ನುಣುಪು ಮಾಡಿದೆ. ಕಕ್ಕಡ ತಿಂಗಳ ಮಳೆ ಹಿಡಿಯಿತು ನೋಡಿ, ವಾರದೊಳಗೆ ಎಡಗಡೆಯ ರೆಕ್ಕೆ ಮೇಲಕ್ಕೆ ತಿರುಚಿಕೊಂಡಿತು. ಒತ್ತಿ ಸರಿ ಮಾಡೋಣ ಅಂತ ಹೊರಟರೆ ತುದಿ ಪಟ್ ಅಂತ ಮುರಿದು ಕೈಗೆ ಬಂತು. ಅಷ್ಟು ದಿನದ ಕೆಲಸ, ತುಂಬಾ ಬೇಜಾರಾಯಿತು.

ಮನೆಗೆ ಬಾಗಿಲು ಕೂರಿಸಲು ಬಂದಿದ್ದ ಆಚಾರಿಯವರು ಮುರಿದ ತುಂಡನ್ನು ಬೆಳಕಿಗೆ ಹಿಡಿದು ನೋಡಿದರು.

"ಸಾರ್, ರೆಕ್ಕೆ ಹಿಂದಕ್ಕೆ ಓರೆಯಾಗಿದೆ. ಮರದ ಎಳೆ ನೆಟ್ಟಗೆ ಹೋಗಿದೆ. ಎಳೆ ಅಂಚಿನಲ್ಲೇ ತುಂಡಾಗಿ ಹೋದರೆ ತುದಿಗೆ ಬಲ ಎಲ್ಲಿಂದ ಬರಬೇಕು?"

"ಹಾಗಾದರೆ ಏನು ಮಾಡೋದು, ಆಚಾರ್ರೇ?"

"ರೆಕ್ಕೆ ಎರಡು ತುಂಡು ಮಾಡಿ. ಎಳೆ ಮುಂದಿನ ಅಂಚಿನ ಜೊತೆಗೇ ಓಡಲಿ. ಮತ್ತೆ ಈ ಮರ ಬೇಡ, ಶಿವನೆ ತನ್ನಿ. ಆರಿದ ಮೇಲೆ ಅದು ಅಲ್ಲಾಡೋದಿಲ್ಲ."

ವಿಮಾನದ ರೆಕ್ಕೆಯೊಳಗೆ ಮುಖ್ಯ ತೊಲೆ ಯಾವ ದಿಕ್ಕಿಗೆ ಹೋಗುತ್ತದೆ ಎಂದು ವರ್ಷಗಟ್ಟಲೆ ನೋಡಿದವನು ನಾನು. ಅದೇ ಲೆಕ್ಕ ಮರದಲ್ಲಿ ನನಗೆ ಹೊಳೆದಿರಲಿಲ್ಲ, ಅವರಿಗೆ ಒಂದೇ ನೋಟಕ್ಕೆ ಹೊಳೆಯಿತು. ಶಿವನೆ ಹಲಗೆ ತಂದು ಅಡಿಗೆಮನೆಯ ಒಲೆಯ ಮೇಲಿನ ಅಟ್ಟದಲ್ಲಿ ಇಡೀ ಒಂದು ಮಳೆಗಾಲ ಇಟ್ಟೆ. ಹೊಗೆ, ಬಿಸಿ ಎರಡೂ ಸಿಗುವ ಜಾಗ. ಇಳಿಸಿದಾಗ ಕೈಗೆ ಹಗುರವಾಗಿತ್ತು, ಬೆರಳಿನಿಂದ ತಟ್ಟಿದರೆ ಟಣ್ ಅನ್ನುತ್ತಿತ್ತು. ಆವತ್ತಿನಿಂದ ಬೇರೆ ಮರ ಮುಟ್ಟಿಲ್ಲ. ರೆಕ್ಕೆಗಳನ್ನು ಬೇರೆ ಬೇರೆ ಕೆತ್ತಿ, ಬಿದಿರಿನ ಕಡ್ಡಿ ಹೊಡೆದು, ಫೆವಿಕಾಲ್ ಹಚ್ಚಿ ಒಡಲಿಗೆ ಕೂರಿಸುತ್ತೇನೆ.

ಮಿಸ್ಟೇರ್‌ನಲ್ಲಿ ಕಷ್ಟದ ಜಾಗ ಮೂಗು. ಎಂಜಿನ್ನಿಗೆ ಗಾಳಿ ಹೋಗುವ ಬಾಯಿ ಅಲ್ಲೇ ಇದೆ, ಮೊಟ್ಟೆಯಾಕಾರದಲ್ಲಿ. ಡ್ರಿಲ್ಲಿನಿಂದ ದುಂಡು ತೂತು ಹಾಕಿ, ಆಮೇಲೆ ಸಣ್ಣ ಅರದಿಂದ ಎರಡು ಬದಿಗೂ ಅಗಲ ಮಾಡಬೇಕು. ತುಟಿಯ ದಪ್ಪ ಎರಡು ಮಿಲಿಮೀಟರ್ ಉಳಿದಾಗ ಉಸಿರು ಬಿಗಿಹಿಡಿದು ಕೆಲಸ ಮಾಡುತ್ತೇನೆ.

ಬಣ್ಣ ಹಚ್ಚುವುದು ನಮ್ಮ ಆಯುಧಪೂಜೆಯ ಹಬ್ಬ ಕೈಲ್‌ಪೊಳ್ದ್ ಕಳೆದು ಬಿಸಿಲು ಬಂದ ಮೇಲೇ. ಮಳೆಯಲ್ಲಿ ಹೊಡೆದ ಅಲ್ಯೂಮಿನಿಯಂ ಬಣ್ಣ ಮಂಕಾಗಿ ಬೂದಿಯ ಹಾಗೆ ಕೂರುತ್ತದೆ. ಹಬ್ಬದ ದಿನ ಕೋವಿಯ ಪಕ್ಕದಲ್ಲಿ ನನ್ನ ಉಳಿಗಳನ್ನೂ ಇಟ್ಟು ಹೂ ಏರಿಸುತ್ತೇನೆ. ವಾಯುಪಡೆಯ ಚಕ್ರಕ್ಕೆ ಹೊರಗೆ ಕೇಸರಿ, ನಡುವೆ ಬಿಳಿ, ಒಳಗೆ ಹಸಿರು. ಬ್ರಷ್ಷಿನಲ್ಲಿ ಅಂಚು ನೇರ ಬರಲಿಲ್ಲ. ಹಸುವಿನ ಇಂಜೆಕ್ಷನ್ ಬಾಟಲಿಯ ರಬ್ಬರ್ ಮುಚ್ಚಳವನ್ನು ಬಣ್ಣದಲ್ಲಿ ಅದ್ದಿ ಮುದ್ರೆ ಒತ್ತಿದೆ. ನಡುವಿನ ಹಸಿರಿಗೆ ಪೆನ್ಸಿಲ್ ಹಿಂದಿನ ರಬ್ಬರ್. ಕೇಸರಿ ಪೂರ್ತಿ ಒಣಗಲು ಎರಡು ದಿನ ಬಿಡಬೇಕು, ಇಲ್ಲವಾದರೆ ಬಿಳಿಗೆ ಹತ್ತಿಕೊಳ್ಳುತ್ತದೆ.

ಆ ಮಿಸ್ಟೇರ್ ಅನ್ನು ಹತ್ತಿರದ ಶಾಲೆಗೆ ಒಯ್ದು ಮಕ್ಕಳಿಗೆ 1965ರ ಸೆಪ್ಟೆಂಬರ್ 7ರ ಕಥೆ ಹೇಳಿದೆ. ಪಂಜಾಬಿನ ಆದಂಪುರದಿಂದ ಪಾಕಿಸ್ತಾನದ ಸರ್ಗೋಧಾ ವಾಯುನೆಲೆಯ ಮೇಲೆ ದಾಳಿ. ದೇವಯ್ಯ ಮೀಸಲು ಪೈಲಟ್ ಆಗಿದ್ದವರು, ಕೊನೆಗೆ ದಳ ಸೇರಿಕೊಂಡರು. ಅಲ್ಲಿ ಪಾಕಿಸ್ತಾನದ ಎಫ್-104 ಸ್ಟಾರ್‌ಫೈಟರ್ ಮೇಲೆರಗಿತು. ಪೆಟ್ಟು ತಿಂದ ವಿಮಾನದಲ್ಲೇ ತಿರುಗಿ ಹೋರಾಡಿ ಅದನ್ನು ಕೆಡವಿದರು. ತಾವು ಮರಳಲಿಲ್ಲ. ಎದುರಾಳಿ ಪೈಲಟ್ ಪ್ಯಾರಾಶೂಟಿನಲ್ಲಿ ಬದುಕಿಕೊಂಡ. ಏನು ನಡೆಯಿತೆಂದು ನಮ್ಮ ಕಡೆಯವರಿಗೆ ತಿಳಿಯಲು ವರ್ಷಗಳೇ ಹಿಡಿದವು. ಮಹಾವೀರ ಚಕ್ರ ಬಂದದ್ದು 1988ರಲ್ಲಿ, 23 ವರ್ಷದ ಮೇಲೆ.

ಏಳನೇ ಕ್ಲಾಸಿನ ಹುಡುಗಿಯೊಬ್ಬಳು ಎದ್ದು ನಿಂತಳು. "ಸಾರ್, ಅದು ಶಬ್ದದ ಎರಡು ಪಟ್ಟು ವೇಗದ್ದು ಅಂದ್ರಿ. ಇದು ನಿಧಾನದ್ದು. ಹಾಗಾದ್ರೆ ಇದು ಗೆದ್ದಿದ್ದು ಹೇಗೆ?"

ಬಾಯಿಮಾತಿನಲ್ಲಿ ಉತ್ತರ ಹೇಳಲು ನನಗೆ ಇಷ್ಟವಾಗಲಿಲ್ಲ. ಮನೆಗೆ ಬಂದು ಮದುವೆ ಕಾಗದದಲ್ಲಿ ಸ್ಟಾರ್‌ಫೈಟರ್ ರೆಕ್ಕೆ ಕತ್ತರಿಸಿದೆ. ಹರವು ಏಳು ಮೀಟರಿಗೂ ಕಡಿಮೆ, ಮಿಸ್ಟೇರ್‌ದು 11.12. ನೇರ ಓಡುವುದಕ್ಕೆಂದೇ ಮಾಡಿದ ಗಿಡ್ಡ, ತೆಳು ರೆಕ್ಕೆ ಅದು. ಅದರ ಅಂಚು ಎಷ್ಟು ಹರಿತವೆಂದರೆ ನೆಲದ ಸಿಬ್ಬಂದಿಗೆ ಗಾಯವಾಗದಿರಲೆಂದು ಕವಚ ತೊಡಿಸುತ್ತಿದ್ದರು. ವೇಗ ಬಿಟ್ಟು ತಿರುಗುವ ಆಟಕ್ಕೆ ಇಳಿದರೆ ಅಂಥ ರೆಕ್ಕೆ ಕೈ ಕೊಡುತ್ತದೆ, ಅಗಲದ ರೆಕ್ಕೆ ಒಳಸುತ್ತಿನಲ್ಲಿ ತಿರುಗುತ್ತದೆ. ಮಾರನೆಯ ವಾರ ಎರಡನ್ನೂ ಒಂದರ ಮೇಲೊಂದು ಇಟ್ಟು ತೋರಿಸಿದೆ. ಆ ಹುಡುಗಿ ಮಿಸ್ಟೇರ್‌ನ ರೆಕ್ಕೆಯ ಮೇಲೆ ಬುಡದಿಂದ ತುದಿಯವರೆಗೆ ಬೆರಳು ಆಡಿಸಿದಳು. "ಆದರೂ ಅವರು ಹೋರಾಡೋಕೆ ವಾಪಸ್ ತಿರುಗಲೇಬೇಕು ಅಂತ ಇರಲಿಲ್ಲ, ಅಲ್ವಾ ಸಾರ್?" ಅಂದಳು. ಇರಲಿಲ್ಲ, ಅಂದೆ.

ಆಮೇಲೆ ನ್ಯಾಟ್ ಆಯಿತು, ಮಾರುತ್ ಆಯಿತು. ಮಾರುತ್‌ನ ಸೊಂಟದ ಬಳುಕು ನಕ್ಷೆಯಲ್ಲಿ ಸಿಗದೆ ಬೆಂಗಳೂರಿನ ವಿಶ್ವೇಶ್ವರಯ್ಯ ಸಂಗ್ರಹಾಲಯದ ಅಂಗಳದಲ್ಲಿ ನಿಂತಿರುವ ವಿಮಾನವನ್ನು ಎರಡು ಸಲ ಸುತ್ತಿ ಬಂದೆ.

ಮಿಗ್-21 ಮಾತ್ರ ಮಾಡಿರಲಿಲ್ಲ. 1963ರಿಂದ ಹಾರುತ್ತಿದ್ದ ಅದು ಇನ್ನೂ ಸೇವೆಯಲ್ಲಿತ್ತು, ನನ್ನ ಕಟ್ಟುಪಾಡು ಬಿಡಲಿಲ್ಲ. ಅದಕ್ಕೆಂದು ಎತ್ತಿಟ್ಟ ಶಿವನೆ ತುಂಡು ಅಟ್ಟದಲ್ಲಿ ಕಪ್ಪಗಾಗುತ್ತಲೇ ಇತ್ತು. 2025ರ ಸೆಪ್ಟೆಂಬರ್ 26ರಂದು ಚಂಡೀಗಢದಲ್ಲಿ ಅದರ ಬೀಳ್ಕೊಡುಗೆ. ಟಿವಿಯಲ್ಲಿ ಕೊನೆಯ ಹಾರಾಟ ನೋಡುವಾಗ ಕಣ್ಣು ತುಂಬಿ ಬಂತು. ಸಂಜೆ ಏಣಿ ಹಾಕಿ ತುಂಡು ಇಳಿಸಿ ಮಸಿ ಒರೆಸಿದೆ. ನಕ್ಷೆ ಬಿಡಿಸಿಕೊಳ್ಳುವ ಮೊದಲೇ ಕೈ ಪೆನ್ಸಿಲ್ ಹಿಡಿದು, ಬಾಲದ ಬುಡದಲ್ಲಿ ಬ್ರೇಕ್ ಪ್ಯಾರಾಶೂಟಿನ ಗೂಡನ್ನು ಗುರುತು ಹಾಕಿತ್ತು. ಆಮೇಲೆ ಅಳೆದು ನೋಡಿದೆ. ಒಂದು ಮಿಲಿಮೀಟರ್ ಹಿಂದಿತ್ತು.