ಬೈಕ್ ಗೇರ್ ಬಾಕ್ಸ್‌ಗೆ ಯಾವ ಗ್ರೇಡ್ ಆಯಿಲ್?

ಗೇರ್ ಬಾಕ್ಸ್‌ಗೆ ಆಯಿಲ್ ಕೊಳ್ಳುವಾಗ ಹೆಚ್ಚಿನವರ ಕಣ್ಣು ಮೊದಲು ಹೋಗುವುದು ಡಬ್ಬಿಯ ಮೇಲಿನ ಸಂಖ್ಯೆಯತ್ತ: 10ಡಬ್ಲ್ಯು-40, 20ಡಬ್ಲ್ಯು-50, 80ಡಬ್ಲ್ಯು-90. ಸಂಖ್ಯೆ ದೊಡ್ಡದಾದಷ್ಟೂ ಎಣ್ಣೆ ಮಂದ, ಮಂದವಾದಷ್ಟೂ ಗೇರಿಗೆ ಒಳ್ಳೆಯದು ಎಂಬ ಲೆಕ್ಕ. ಈ ಲೆಕ್ಕವನ್ನು ನಂಬಿ ಕ್ಲಚ್ ಹಾಳುಮಾಡಿಕೊಳ್ಳಬೇಡಿ. ಸಂಖ್ಯೆಗಿಂತ ಮೊದಲು ತಿಳಿಯಬೇಕಾದದ್ದು ಒಂದೇ: ನಿಮ್ಮ ಗಾಡಿಯ ಕ್ಲಚ್ ಯಾವ ಎಣ್ಣೆಯಲ್ಲಿ ಮುಳುಗಿದೆ?

ಮೊದಲು ಕ್ಲಚ್ ಎಲ್ಲಿದೆ ನೋಡಿ

ಈಗಿನ ಬಹುಪಾಲು ಫೋರ್ ಸ್ಟ್ರೋಕ್ ಬೈಕ್‌ಗಳಲ್ಲಿ ಎಂಜಿನ್, ಗೇರ್, ಕ್ಲಚ್ ಮೂರಕ್ಕೂ ಒಂದೇ ಎಣ್ಣೆ. ಟೂ ಸ್ಟ್ರೋಕ್ ಗಾಡಿಗಳಲ್ಲಿ 2ಟಿ ಆಯಿಲ್ ಪೆಟ್ರೋಲ್ ಜೊತೆ ಉರಿದುಹೋಗುತ್ತದೆ, ಗೇರ್ ಬಾಕ್ಸ್‌ನ ಎಣ್ಣೆಯೇ ಬೇರೆ. ಆದರೆ ಸಾಮಾನ್ಯವಾಗಿ ಕ್ಲಚ್ ಕೂಡ ಅದರಲ್ಲೇ ಇರುತ್ತದೆ. ಎಣ್ಣೆ ಪ್ರತ್ಯೇಕ ಎಂದಮಾತ್ರಕ್ಕೆ ಯಾವ ಗೇರ್ ಆಯಿಲ್ ಆದರೂ ನಡೆಯುತ್ತದೆ ಎಂದುಕೊಳ್ಳುವವರು ಎಡವುವುದು ಇಲ್ಲಿಯೇ. ಹಾರ್ಲೆ-ಡೇವಿಡ್ಸನ್ ಬಿಗ್ ಟ್ವಿನ್‌ಗಳಲ್ಲಿ ಎಂಜಿನ್, ಪ್ರೈಮರಿ (ಎಂಜಿನ್‌ನಿಂದ ಗೇರ್ ಬಾಕ್ಸ್‌ಗೆ ಶಕ್ತಿ ದಾಟಿಸುವ ಭಾಗ), ಗೇರ್ ಬಾಕ್ಸ್‌ಗೆ ಮೂರು ಬೇರೆ ಬೇರೆ ಜಾಗಗಳಿವೆ. ಕ್ಲಚ್ ಇರುವುದು ಪ್ರೈಮರಿಯಲ್ಲಿ. ಹಳೆಯ ಬಿಎಂಡಬ್ಲ್ಯು ಬಾಕ್ಸರ್ ಬೈಕ್‌ಗಳ ಕ್ಲಚ್ ಎಣ್ಣೆ ಸೋಕದ ಒಣ ಕ್ಲಚ್.

ಕ್ಲಚ್ ಎಣ್ಣೆಯಲ್ಲಿದ್ದರೆ ಡಬ್ಬಿಯ ಮೇಲೆ ಜಾಸೊ ಎಂಎ ಅಥವಾ ಎಂಎ2 ಗುರುತು ಇರಲಿ. ಜಪಾನಿನ ಈ ಮಾನದಂಡ 1998ರಲ್ಲಿ ಬಂದದ್ದೇ ಕಾರಿನ ಇಂಧನ ಉಳಿಸುವ ಆಯಿಲ್‌ಗಳು ಬೈಕಿನ ಕ್ಲಚ್ ಜಾರಿಸತೊಡಗಿದ ಕಾರಣಕ್ಕೆ. ಎಂಬಿ ಎಂದಿದ್ದರೆ ಅದು ಘರ್ಷಣೆ ತಗ್ಗಿಸಿದ ಎಣ್ಣೆ. ಒಣ ಕ್ಲಚ್‌ನ ಸ್ಕೂಟರ್‌ಗೆ ಸರಿ, ನಿಮ್ಮ ಗೇರ್ ಬೈಕಿಗಲ್ಲ.

ಸಂಖ್ಯೆಯನ್ನು ಓದುವ ಬಗೆ

ಎಂಜಿನ್ ಆಯಿಲ್ ಮತ್ತು ಗೇರ್ ಆಯಿಲ್‌ಗಳ ಅಳತೆಗೋಲೇ ಬೇರೆ. ಮೊದಲನೆಯದಕ್ಕೆ ಎಸ್‌ಎಇ ಸಂಸ್ಥೆಯ ಜೆ300 ಮಾನದಂಡ, ಎರಡನೆಯದಕ್ಕೆ ಜೆ306. 100 ಡಿಗ್ರಿ ಸೆಲ್ಸಿಯಸ್‌ನಲ್ಲಿ 90 ಗ್ರೇಡಿನ ಗೇರ್ ಆಯಿಲ್‌ನ ಮಂದತೆ 13.5ರಿಂದ 18.5 ಸೆಂಟಿಸ್ಟೋಕ್ಸ್. ಎಂಜಿನ್ ಆಯಿಲ್‌ನ 40 ಗ್ರೇಡ್ 12.5ರಿಂದ 16.3ರವರೆಗೆ, 50 ಗ್ರೇಡ್ 16.3ರಿಂದ 21.9ರವರೆಗೆ. ಅಂದರೆ ‘90’ ಎಂದು ಬರೆದ ಎಣ್ಣೆ ನಿಜದಲ್ಲಿ 40 ಮತ್ತು 50ರ ಆಸುಪಾಸಿನದು. 80 ಗ್ರೇಡ್ ಇನ್ನೂ ತೆಳು, ಸುಮಾರು 20-30ರ ಮಟ್ಟದ್ದು. ಎರಡು ಪಟ್ಟಿಗಳ ಸಂಖ್ಯೆಗಳನ್ನು ಅಕ್ಕಪಕ್ಕ ಇಟ್ಟು ಹೋಲಿಸುವುದು ಅರ್ಥಹೀನ.

‘ಡಬ್ಲ್ಯು’ ಇರುವ ಅಂಕಿ ಚಳಿಯಲ್ಲಿ ಎಣ್ಣೆ ಹೇಗೆ ಹರಿಯುತ್ತದೆ ಎಂಬುದನ್ನೂ, ನಂತರದ ಅಂಕಿ ಬಿಸಿಯಾದಾಗಿನ ಮಂದತೆಯನ್ನೂ ಹೇಳುತ್ತದೆ.

ಮ್ಯಾನುಯಲ್ ಹೇಳಿದ ಗಡಿಯೊಳಗೆ

ಅನೇಕ ಮ್ಯಾನುಯಲ್‌ಗಳಲ್ಲಿ ಹವಾಮಾನಕ್ಕೆ ತಕ್ಕ ಗ್ರೇಡ್‌ಗಳ ಪಟ್ಟಿ ಇರುತ್ತದೆ. ಆಯ್ಕೆ ಅದರೊಳಗೇ ಇರಲಿ. ಚಳಿಯಲ್ಲಿ ಗಾಡಿ ಹೊರಡಿಸಿ ಫಸ್ಟ್ ಗೇರ್ ಹಾಕಿದಾಗ ಕ್ಲಚ್ ಪೂರ್ತಿ ಹಿಡಿದಿದ್ದರೂ ಬೈಕ್ ಮುಂದಕ್ಕೆ ಜಗ್ಗುತ್ತಿದ್ದರೆ, ನ್ಯೂಟ್ರಲ್ ಸಿಗಲು ಸತಾಯಿಸುತ್ತಿದ್ದರೆ, ಎಣ್ಣೆ ಮಂದವಾಗಿ ಪ್ಲೇಟ್‌ಗಳು ಬೇಗ ಬಿಡಿಸಿಕೊಳ್ಳುತ್ತಿಲ್ಲ ಎಂದೇ ಅನುಮಾನಿಸಿ. ಕ್ಲಚ್ ಕೇಬಲ್ ಸರಿಯಿದ್ದು, ಬಿಸಿಯಾದ ಮೇಲೂ ಹೀಗೇ ಇದ್ದರೆ ದೋಷ ಬೇರೆಡೆ ಇದೆ.

ಗೇರ್ ಹಾಕುವುದು ದಿನೇ ದಿನೇ ಒರಟಾಗುತ್ತಿದ್ದರೆ ಮಂದ ಎಣ್ಣೆಗೆ ಹೋಗುವ ಅವಸರ ಬೇಡ. 10ಡಬ್ಲ್ಯು-40ರಂಥ ಮಲ್ಟಿಗ್ರೇಡ್ ಎಣ್ಣೆಯ ಮಂದತೆ ಕಾಯುವ ಉದ್ದನೆಯ ಪಾಲಿಮರ್ ಎಳೆಗಳು ಗೇರ್ ಹಲ್ಲುಗಳ ನಡುವೆ ಸಿಕ್ಕಿ ತುಂಡಾಗುತ್ತವೆ; ಹೊಸದರಲ್ಲಿ 40 ಇದ್ದದ್ದು ಕ್ರಮೇಣ 30ರತ್ತ ಇಳಿಯುತ್ತದೆ. ಅದೇ ಗ್ರೇಡ್‌ನ ಹೊಸ ಎಣ್ಣೆಯೇ ಆಗ ಬೇಕಾದದ್ದು. ನನ್ನ ಮಟ್ಟಿಗೆ, ದುಬಾರಿ ಎಣ್ಣೆಯನ್ನು ಅವಧಿ ಮೀರಿ ಓಡಿಸುವುದಕ್ಕಿಂತ ಸಾಧಾರಣ ಎಣ್ಣೆಯನ್ನು ಹೇಳಿದ ಹೊತ್ತಿಗೆ ಬದಲಿಸುವುದೇ ಲೇಸು.

ಪ್ರತ್ಯೇಕ ಗೇರ್ ಬಾಕ್ಸ್ ಇರುವವರು ಎಪಿಐ (ಅಮೆರಿಕದ ಪೆಟ್ರೋಲಿಯಂ ಸಂಸ್ಥೆ) ಗುರುತನ್ನೂ ಗಮನಿಸಿ; ಗೇರ್ ಆಯಿಲ್‌ನ ದರ್ಜೆಯನ್ನು ಅದು ಜಿಎಲ್-4, ಜಿಎಲ್-5 ಎಂದು ಹೇಳುತ್ತದೆ. ಜಿಎಲ್-5ರಲ್ಲಿ ಗಂಧಕ ಮತ್ತು ರಂಜಕದ ಸೇರ್ಪಡೆಗಳು ಹೆಚ್ಚು. ಹಳೆಯ ಗೇರ್ ಬಾಕ್ಸ್‌ಗಳ ಹಿತ್ತಾಳೆ, ಕಂಚಿನ ಬುಷ್‌ಗಳನ್ನು ಅವು ತಿನ್ನಬಲ್ಲವು. ಜಿಎಲ್-4 ಕೇಳಿದ ಗಾಡಿಗೆ ಜಿಎಲ್-5 ಹಾಕಿದರೆ ಅದು ಉಪಕಾರವಲ್ಲ.

ಬದಲಿಸುವಾಗ

ಸ್ವಲ್ಪ ಓಡಿಸಿ, ಎಣ್ಣೆ ಬೆಚ್ಚಗಿರುವಾಗ ಇಳಿಸಿ. ಡ್ರೈನ್ ಬೋಲ್ಟ್‌ನಲ್ಲಿ ಅಯಸ್ಕಾಂತವಿದ್ದರೆ ಅದಕ್ಕೆ ಅಂಟಿದ ಬೂದು ಬಣ್ಣದ ನುಣ್ಣನೆಯ ಲೇಪ ಸಹಜ ಸವೆತದ್ದು; ಬೆರಳಿಗೆ ಚುಚ್ಚುವ ಚೂರುಗಳು ಸಿಕ್ಕರೆ ಮೆಕ್ಯಾನಿಕ್‌ಗೆ ತೋರಿಸದೆ ಓಡಿಸಬೇಡಿ. ವಾಷರ್ ಹೊಸದಿರಲಿ. ಮ್ಯಾನುಯಲ್ ಹೇಳಿದಷ್ಟನ್ನೇ ಅಳೆದು ಹುಯ್ಯಿರಿ. ಹೆಚ್ಚಾದರೆ ನೊರೆ ಏಳುತ್ತದೆ, ಸೀಲ್‌ಗಳಿಂದ ಒಸರುತ್ತದೆ. ಬೈಕ್ ನೇರವಾಗಿ ನಿಲ್ಲಿಸಿ ಮಟ್ಟ ನೋಡಿ, ಸೈಡ್ ಸ್ಟ್ಯಾಂಡ್‌ನಲ್ಲಿ ತೋರುವ ಮಟ್ಟವನ್ನು ನಂಬಬೇಡಿ. ಮೊದಲ ಸವಾರಿಯ ನಂತರ ಡ್ರೈನ್ ಬೋಲ್ಟ್ ಸುತ್ತ ಒಣ ಬಟ್ಟೆಯಿಂದ ಒರೆಸಿ ನೋಡಿ; ತೇವವಿದ್ದರೆ ಇನ್ನಷ್ಟು ಬಿಗಿದು ಬೋಲ್ಟ್‌ನ ತಿರುಪು ಎಳೆ ಕೆಡಿಸುವ ಬದಲು ವಾಷರ್ ಸರಿಯಾಗಿ ಕುಳಿತಿದೆಯೇ ಎಂದು ಮೊದಲು ಪರೀಕ್ಷಿಸಿ.